ಹುಳದ ಮನೆಯ ರಾಣಿ

ಬೋರಲಿಂಗಯ್ಯನವರ ಮನೆಯಲ್ಲಿ ರೇಷ್ಮೆ ಹುಳು ಇರುವಷ್ಟು ದಿನ ಯಾರೂ ಪೌಡರ್ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಬೀಡಿ ಸೇದಿದವರು ಬಾಯಿ ತೊಳೆಯದೆ ಹೊಸ್ತಿಲು ದಾಟುವಂತಿಲ್ಲ. ಸಾರಿಗೆ ಒಗ್ಗರಣೆ ಹಾಕುವುದು ಕೂಡ ಹಿತ್ತಿಲ ಒಲೆಯಲ್ಲೇ. ದೇವರಿಗೇ ಊದುಬತ್ತಿ ಇಲ್ಲದ ಮನೆಯಲ್ಲಿ ಸೊಸೆಗೆ ಸೆಂಟು ಎಲ್ಲಿಂದ ಬರಬೇಕು? ಈ ಕಾನೂನನ್ನೆಲ್ಲ ಕಾಯುತ್ತಿದ್ದವರು ಅತ್ತೆ ವೆಂಕಟಲಕ್ಷ್ಮಮ್ಮ. ಅವರ ಮೂಗಿನ ಬಗ್ಗೆ ಬೈರಾಪಟ್ಟಣದಲ್ಲಿ ಒಳ್ಳೆಯ ಹೆಸರಿತ್ತು. ಯಾರ ಮನೆಯಲ್ಲಿ ಏನು ಸಾರು ಎಂದು ಬೀದಿಯಲ್ಲಿ ನಿಂತೇ ಹೇಳುತ್ತಿದ್ದರು.

ಸೊಸೆ ದಿವ್ಯ ಕನಕಪುರದ ಕಡೆಯವಳು, ಕಲ್ಲು ಕ್ವಾರಿಯ ಮೇಸ್ತ್ರಿಯ ಮಗಳು. ಮದುವೆಗೆ ಮುಂಚೆ ಹುಳು ಕಂಡವಳಲ್ಲ, ದೂಳು ಕಂಡವಳು. ಹೆದ್ದಾರಿಯ ಉದ್ದಕ್ಕೂ ಒಂದರ ಪಕ್ಕ ಒಂದು ಫ್ಯಾಕ್ಟರಿ ಎದ್ದು, ಊರೂರಿಗೂ ವ್ಯಾನು ಬರತೊಡಗಿದ ಕಾಲ ಅದು. ಅವಳೂ ರಾಮನಗರದ ಆಚೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಅಂಗಿಗೆ ಕಾಲರ್ ಕೂರಿಸುತ್ತಿದ್ದಳು. ಸಂಬಳ ಮನೆಗೇ ಬರುತ್ತಿದ್ದರಿಂದ ಆ ಬಗ್ಗೆ ಅತ್ತೆಗೆ ತಕರಾರಿರಲಿಲ್ಲ. ತಕರಾರಿದ್ದದ್ದು ಹೋದ ಬೆಳೆಯ ಬಗ್ಗೆ. ಹೋದ ಬೆಳೆಯಲ್ಲಿ ಹುಳು ಚೆನ್ನಾಗಿ ಬೆಳೆದು, ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಹಸಿರು ಕಕ್ಕಿಕೊಂಡು ತಟ್ಟೆ ತಟ್ಟೆಯೇ ಸತ್ತವು. ಅದರ ಹಿಂದಿನ ದಿನ ದಿವ್ಯ ಗೆಳತಿಯ ಮದುವೆಗೆ ಪೌಡರ್ ಹಾಕಿಕೊಂಡು ಹೋಗಿದ್ದವಳು, ಅದೇ ಮುಖದಲ್ಲಿ ಹುಳದ ಮನೆಗೆ ಕಾಲಿಟ್ಟಿದ್ದಳು. ಅಷ್ಟು ಸಾಕಾಯಿತು. ಅಂದಿನಿಂದ ಊರಿನ ಬಾಯಲ್ಲಿ ಅವಳು ಹುಳ ಕೊಂದ ಸೊಸೆ. ಅವಳನ್ನು ಹುಳದ ಮನೆಯ ಒಳಕ್ಕೆ ಬಿಡುವುದೂ ನಿಂತುಹೋಗಿತ್ತು. ಸೊಪ್ಪು ತಂದು ಬಾಗಿಲಲ್ಲಿಟ್ಟು ಬರಬೇಕು, ಅಷ್ಟೇ.

ಇಂಥ ಮನೆಗೆ ಅವಳು ಒಂದು ಸಂಜೆ ಮೇಕಪ್ ಡಬ್ಬಿ ತಂದಳು.

"ಅಲ್ಲೇ ನಿಂತ್ಕೊ," ಜಗುಲಿಯಲ್ಲಿ ಸೊಪ್ಪು ಕತ್ತರಿಸುತ್ತಿದ್ದ ವೆಂಕಟಲಕ್ಷ್ಮಮ್ಮ ತಲೆ ಎತ್ತದೆಯೇ ಅಂದರು. "ಚೀಲ್ದಲ್ಲಿ ಏನೈತೆ?"

"ಬಣ್ಣ ಅತ್ತೆ."

"ಗ್ವಾಡೆಗೆ ಬಳಿಯೋದಾ?"

"ಮುಖಕ್ಕೆ. ಫ್ಯಾಕ್ಟ್ರಿ ವಾರ್ಷಿಕೋತ್ಸವಕ್ಕೆ ನಾಟಕ ಐತೆ. ನಂಗೆ ರಾಣಿ ಪಾರ್ಟು ಕೊಟ್ಟವ್ರೆ."

ಚನ್ನಪಟ್ಟಣದ ಕಾಲೇಜಿಗೆ ಹೋಗುತ್ತಿದ್ದ ನಾದಿನಿ ಪುಟ್ಟಿ ಒಳಗಿನಿಂದ ಓಡಿಬಂದಳು. "ಯಾವ ರಾಣಿ ಅತ್ತಿಗೆ?"

"ಸತ್ತೋಗಿರೋ ರಾಣಿ."

"ಚೆಂದಾಯ್ತು," ಅಂದರು ವೆಂಕಟಲಕ್ಷ್ಮಮ್ಮ. "ಬದುಕಿರೋ ಪಾರ್ಟು ಯಾವುದೂ ಸಿಗ್ನಿಲ್ವಾ ನಿಂಗೆ?"

ನಾಟಕ ಕಟ್ಟಿದವಳು ಮೆಹ್ರೀನ್. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಮನೆಯ ಹುಡುಗಿ, ಹೊಲಿಗೆ ಸಾಲಿನಲ್ಲಿ ದಿವ್ಯಳ ಪಕ್ಕದ ಮಿಷನ್ನಿನವಳು. ಹೊಲಿಯುತ್ತ ಹೊಲಿಯುತ್ತ ಕಥೆ ಕಟ್ಟಿ, ಊಟದ ಹೊತ್ತಿಗೆ ಅದನ್ನು ಎಲ್ಲರಿಗೂ ಹೇಳಿ ಅಳಿಸಿದ್ದಳು. ಕಥೆ ಇಷ್ಟು: ಅರಮನೆಯ ಹಾಲಿನಲ್ಲಿ ಯಾರೋ ವಿಷ ಹಾಕುತ್ತಾರೆ. ಹೊರಗಿನಿಂದ ಬಂದ ರಾಣಿಯ ಮೇಲೆ ಅಪವಾದ ಬಂದು, ಅವಳನ್ನು ಕೋಟೆಯ ನೆಲಮಾಳಿಗೆಯಲ್ಲಿ ಹಾಕಿ ಬಾಗಿಲು ಮುಚ್ಚುತ್ತಾರೆ. ಎಷ್ಟೋ ವರ್ಷದ ಮೇಲೆ, ಕೋಟೆ ಹಾಳುಬಿದ್ದ ಮೇಲೆ, ಅವಳು ಸಭೆಗೆ ಬಂದು ನಿಲ್ಲುತ್ತಾಳೆ. ಆ ರಾಣಿಯ ಮುಖ ಹೇಗಿರಬೇಕು ಎಂದು ತೋರಿಸಲು ಮೆಹ್ರೀನ್ ಸೈಬರ್ ಸೆಂಟರಿನಿಂದ ಒಂದು ಚಿತ್ರ ತೆಗೆಸಿ ತಂದಿದ್ದಳು. ಬಿಳಿಚಿಕೊಂಡ ಮುಖ, ಕಣ್ಣಿನ ಸುತ್ತ ಕಪ್ಪು ಗುಳಿ, ಕಪ್ಪು ತುಟಿ.

"ಇದಕ್ಕೆ ಗಾಥಿಕ್ ಅಂತಾರೆ," ಎಂದಿದ್ದಳು. "ದೆವ್ವ ಅಂದ್ಕೋಬೇಡ. ನೋಡಿದರೆ ಹೆದರಿಕೆನೂ ಆಗಬೇಕು, ಕಣ್ಣು ಕೀಳೋಕೂ ಆಗಬಾರದು. ಅರೇ, ಇಡೀ ನಾಟಕ ನಿಂತಿರೋದೇ ಈ ಮುಖದ ಮೇಲೆ ಕಣೆ."

ಫ್ಯಾಕ್ಟರಿಯ ವೆಲ್ಫೇರ್ ಮೇಡಂಗೂ ಇದು ಗೊತ್ತಿತ್ತು. ಬೆಂಗಳೂರಿನ ಮೇಕಪ್‌ನವರು ಬರುವುದು ಆಫೀಸಿನವರ ನಾಟಕಕ್ಕೆ ಮಾತ್ರ. ಹೊಲಿಗೆಯವರು ತಮ್ಮ ಮುಖ ತಾವೇ ಮಾಡಿಕೊಳ್ಳಬೇಕು, ಮೊದಲೇ ಮಾಡಿ ತೋರಿಸಬೇಕು. ಜನ ನಗುವ ಹಾಗಿದ್ದರೆ ರಾಣಿ ಪಾರ್ಟು ಪ್ಯಾಕಿಂಗ್‌ನ ಇನ್ನೊಬ್ಬ ಹುಡುಗಿಗೆ. ಅವಳ ಚಿಕ್ಕಮ್ಮ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ.

ದಿವ್ಯಳಿಗೆ ಆ ಪಾರ್ಟು ಬೇಕೇ ಬೇಕಿತ್ತು. ಊರಿನವರು ತನ್ನ ಮುಖ ನೋಡಿದಾಗಲೆಲ್ಲ ಸತ್ತ ಹುಳುವನ್ನು ನೆನೆಸಿಕೊಳ್ಳುತ್ತಾರೆ ಎಂದು ಅವಳಿಗೆ ಸಂಕಟವಾಗುತ್ತಿತ್ತು. ಒಂದು ಸಲವಾದರೂ ಸಾವಿರ ಜನ ಬೇರೆ ಕಾರಣಕ್ಕೆ ತನ್ನ ಮುಖ ನೋಡಲಿ ಎಂದು ಆಸೆ. ಅದರಲ್ಲಿ ತಪ್ಪೇನಿದೆ?

"ಆ ಡಬ್ಬಿ ಈ ಮನೆ ಹೊಸ್ಲು ದಾಟಂಗಿಲ್ಲ," ಅಂದರು ವೆಂಕಟಲಕ್ಷ್ಮಮ್ಮ. "ಹುಳ ಜ್ವರಕ್ಕೆ ಕೂತವೆ. ಇನ್ನೊಂದ್ ಬೆಳೆ ಹೋದ್ರೆ ನಾನು ಸುಮ್ಕಿರಕಿಲ್ಲ."

ಹುಳು ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಆಗ ಅವು ಮೇವು ಬಿಟ್ಟು ತಲೆ ಎತ್ತಿ ಕೂತಿರುತ್ತವೆ; ಮನೆಯವರು ಪಿಸುಮಾತಿನಲ್ಲಿ ಓಡಾಡುತ್ತಾರೆ.

ಗಂಡ ಅಶ್ವಥ್ ಟೆಂಪೋ ನಿಲ್ಲಿಸಿ ಒಳಗೆ ಬಂದ. ಹೆಂಡತಿ ಬೀದಿಯಲ್ಲಿ, ಅಮ್ಮ ಜಗುಲಿಯಲ್ಲಿ. ಇಬ್ಬರಲ್ಲಿ ಯಾರನ್ನು ನೋಡಬೇಕೆಂದು ತಿಳಿಯದೆ ಎಮ್ಮೆಯನ್ನು ನೋಡಿದ.

"ಹೇಳ್ರೀ ನೀವಾದ್ರೂ," ಅಂದಳು ದಿವ್ಯ.

"ಏನೇಳನೆ? ಒಂದ್ ನಾಟಕ ಬುಟ್ರೆ ಏನಾಯ್ತದೆ? ಬುಟ್ಬುಡು."

"ನಾಟಕ ಬುಡಕಿಲ್ಲ ನಾನು. ಬಣ್ಣ ಬುಡ್ತೀನಿ."

ಹೇಳಿದ ಹಾಗೆಯೇ, ಚಿತ್ರವನ್ನಷ್ಟೇ ಇಟ್ಟುಕೊಂಡು ಡಬ್ಬಿಯನ್ನು ಮಾರನೆಯ ದಿನ ಮೆಹ್ರೀನ್‌ಗೆ ವಾಪಸು ಕೊಟ್ಟಳು. ಬಣ್ಣವಿಲ್ಲದೆ ಮುಖ ಹೇಗೆ ಮಾಡುವುದೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ದಾರಿ ತೋರಿಸಿದವಳು ಪುಟ್ಟಿ. ಭಾನುವಾರ ಮಧ್ಯಾಹ್ನ, ವೆಂಕಟಲಕ್ಷ್ಮಮ್ಮ ತೋಟಕ್ಕೆ ಹೋಗಿದ್ದಾಗ, ಅತ್ತಿಗೆಯನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋದಳು. ಕೈಯಲ್ಲಿ ಒಂದು ಲೋಟದ ತುಂಬ ಬಿಳಿ ಪುಡಿ. ಜ್ವರಕ್ಕೆ ಕೂತ ಹುಳದ ಮೇಲೆ ತೇವ ಆರಲೆಂದು ಬಟ್ಟೆಯಲ್ಲಿ ಸೋಸಿ ಉದುರಿಸುವ ಸುಣ್ಣ ಅದು.

"ಸುಣ್ಣ ಅಲ್ವೇನೆ ಇದು? ಉರಿಯಾಕಿಲ್ವಾ?"

"ಹುಳದ್ ಮೇಲೇ ಹಾಕ್ತೀವಲ್ಲ ಅತ್ತಿಗೆ! ಒಸಿ ವಾಸ್ನೆಗೇ ಸಾಯೋ ಹುಳ ಅವು. ಅವಕ್ಕೇ ಏನೂ ಆಗಕಿಲ್ಲ, ನಿನ್ ಮುಖಕ್ಕೆ ಏನಾಯ್ತದೆ?"

ಹುಳು ಸಾಕುವ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಹೊಳೆಯುವ ವಾದ ಅದು. ಹುಳಕ್ಕೆ ಆಗಿಬಂದದ್ದು ಲೋಕಕ್ಕೆಲ್ಲ ಆಗಿಬರುತ್ತದೆ ಎಂದು ಅಲ್ಲಿನವರ ನಂಬಿಕೆ. ದಿವ್ಯಳೂ ವರ್ಷದಲ್ಲಿ ಅರ್ಧಂಬರ್ಧ ಆ ಮನೆಯವಳೇ ಆಗಿದ್ದಳು, ಒಪ್ಪಿಕೊಂಡಳು. ನೀರಿನಲ್ಲಿ ಕಲಸಿ ಮೊದಲು ಎಡಗೆನ್ನೆಗೆ ಹಚ್ಚಿದರು. ಮೆಹ್ರೀನಳ ಚಿತ್ರದಲ್ಲಿದ್ದ ಬಿಳುಪೇ ಬಂತು. ಪುಟ್ಟಿ ಕುಣಿದಾಡಿದಳು. ಸ್ವಲ್ಪ ಹೊತ್ತಿಗೆ ಕೆನ್ನೆ ಚುರುಗುಟ್ಟಿತು, ಆಮೇಲೆ ಬೆಂಕಿ ಇಟ್ಟ ಹಾಗಾಯಿತು. ತೊಳೆದಾಗ ಚರ್ಮ ಕೆಂಪಾಗಿ ಊದಿತ್ತು.

ವೆಂಕಟಲಕ್ಷ್ಮಮ್ಮ ಸೊಪ್ಪಿನ ಹೊರೆ ಇಳಿಸಿದವರೇ ಇಬ್ಬರ ಮುಖ ನೋಡಿದರು. ಯಾರೂ ಏನೂ ಹೇಳಬೇಕಾಗಲಿಲ್ಲ.

"ಅಯ್ಯೋ ಮಂಕು ಮುಂಡೇವಾ! ಹುಳ ನೆಂದಿರ್ತದಾ? ನೀರಾಕಿ ಕಲಸ್ತೀನಾ ನಾನು? ಒಣಪುಡಿ ಕಣ್ರೇ ಅದು!" ಬೈಯುತ್ತಲೇ ನೆಲುವಿನ ಮೇಲಿನ ಬೆಣ್ಣೆ ಕುಡಿಕೆ ಇಳಿಸಿ, ಸೊಸೆಯ ಗಲ್ಲ ಹಿಡಿದು ಹಚ್ಚತೊಡಗಿದರು. "ಅಲ್ಲಾಡಬ್ಯಾಡ. ಕ್ವಾರಿಯವರ ಮಗಳಿಗೆ ಸುಣ್ಣ ಗೊತ್ತಿಲ್ಲ ಅಂದ್ರೆ ಯಾರಾನಾ ನಂಬ್ತಾರಾ?"

"ಉರೀತೈತೆ ಅತ್ತೆ."

"ಉರೀಲಿ. ನಾಟಕದ ಉರಿ ಹಂಗೇನೆ."

ಬೈದರೂ ಆ ವಾರವೆಲ್ಲ ಬೆಳಿಗ್ಗೆ ಸಂಜೆ ಬೆಣ್ಣೆ ಹಚ್ಚಿದವರು ಅವರೇ. ಫ್ಯಾಕ್ಟರಿಯಲ್ಲಿ ಮೇಡಂ ಕೆನ್ನೆ ನೋಡಿ, ಇದರ ಮೇಲೆ ಯಾವ ಮೇಕಪ್ಪೂ ಬೇಡ, ಪಾರ್ಟು ಬೇರೆಯವರಿಗೆ ಕೊಡಿ ಎಂದರು. ಮೆಹ್ರೀನ್ ಕಾಡಿ ಬೇಡಿ ಒಂದಿಷ್ಟು ದಿನದ ಅವಕಾಶ ಕೇಳಿಕೊಂಡಳು.

ಅಷ್ಟರಲ್ಲಿ ಹುಳು ಹಣ್ಣಾದವು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಅಗಲ ತಟ್ಟೆಗಳಿಗೆ ಚಂದ್ರಿಕೆ ಎಂದು ಹೆಸರು. ಮನೆಯಲ್ಲಿದ್ದವು ಸಾಲದೆ, ಪಕ್ಕದ ತೋಟದ ಕೆಂಚಯ್ಯ ತನ್ನ ಚಂದ್ರಿಕೆಗಳನ್ನು ತಲೆಯ ಮೇಲೆ ಹೊತ್ತು ತಂದ. ಜಗುಲಿಗೆ ಒರಗಿಸಿ, ಒಳಗೆ ಇಣುಕಿದ.

"ಈ ಸಲ ಪರವಾಗಿಲ್ಲ ಕಣಕ್ಕ, ಹುಳ ಚೆನ್ನಾಗವೆ. ಹೋದ್ ಸಲ ಪಾಪ, ಬೋರಲಿಂಗಣ್ಣ ನನ್ ಮಾತು ಕೇಳ್ನಿಲ್ಲ."

"ಏನ್ ಮಾತು?"

"ನನ್ ತೋಟಕ್ಕೆ ಔಷ್ದಿ ಹೊಡ್ದಿವ್ನಿ, ಸೊಪ್ಪು ಕುಯ್ಬ್ಯಾಡ ಅಂತ ಹೇಳಿದ್ನಲ್ಲ. ನಮ್ದು ಖಾಲಿಯಾಗೈತೆ, ಒಂದ್ ಹೊರೆ ತಾನೆ ಅಂತ ಕುಯ್ಕಂಡ್ ಹೋದ. ಗೊತ್ತಿಲ್ವಾ ನಿಂಗೆ?"

ವೆಂಕಟಲಕ್ಷ್ಮಮ್ಮ ಚಂದ್ರಿಕೆ ಎತ್ತಿಕೊಂಡು ಒಳಗೆ ಹೋದರು. ಆ ಸಂಜೆ ಗಂಡನ ತಟ್ಟೆಯಲ್ಲಿ ಬಿಸಿ ಮುದ್ದೆ ಇಟ್ಟು ಸುಮ್ಮನೆ ಕೂತರು. ಬೋರಲಿಂಗಯ್ಯ ಮುದ್ದೆಯಲ್ಲಿ ಗುಳಿ ಮಾಡಿಕೊಂಡು ಕಾದರು.

"ಸಾರು?"

"ಕೆಂಚಯ್ಯನ ತೋಟದಿಂದ ತಕ್ಕಂಬಾ."

ಬೋರಲಿಂಗಯ್ಯನ ಕೈ ಅಲ್ಲೇ ನಿಂತಿತು. "ಅವನ್ಯಾಕೆ ಬಂದ ಈಗ ಮಧ್ಯಕ್ಕೆ?"

"ಔಷ್ದಿ ಹೊಡ್ದ ಸೊಪ್ಪು ತಂದಿದ್ದೋರು ಯಾರು?"

"ಅವನು ಸುಳ್ಳಾಡ್ತಾನೆ. ನಂಗೇನೂ ಹೇಳ್ನಿಲ್ಲ ಅವನು."

"ಹುಳ ಹಸ್ರು ಕಕ್ಕಿದ್ವು. ಪೌಡ್ರಿಗೆ ಯಾವ ಹುಳ ಹಸ್ರು ಕಕ್ತದೆ? ನನ್ ಬುದ್ಧಿಗೆ ಮಂಕು ಬಡ್ದಿತ್ತು, ನಿಮ್ಗೇನಾಗಿತ್ತು?"

"ನಂಗೊತ್ತಿಲ್ಲ ಅಂದ್ನಲ್ಲೇ!"

"ಹಂಗಾರೆ ಸಾರೂ ಇಲ್ಲ."

ಬೋರಲಿಂಗಯ್ಯ ಮಜ್ಜಿಗೆಯಲ್ಲಿ ಮುದ್ದೆ ನುಂಗಿ ಎದ್ದರು. ಮುಂದಿನ ದಿನಗಳಲ್ಲೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಮಜ್ಜಿಗೆ. ಮನೆಯ ಯಜಮಾನ ಸೊಸೆಯ ಮುಂದೆ ತಪ್ಪು ಒಪ್ಪಿಕೊಳ್ಳುವುದುಂಟೇ? ದಿವ್ಯ ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡಳು. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಅತ್ತೆ ಮಾತ್ರ ಅವಳ ಹತ್ತಿರ ಆ ಮಾತೇ ಎತ್ತಲಿಲ್ಲ. ತಪ್ಪಾಯಿತು ಎನ್ನುವ ಮಾತು ಆ ಹೆಂಗಸಿನ ಬಾಯಿಗೆ ಒಗ್ಗುವಂಥದ್ದಲ್ಲ.

ಗೂಡು ಬಿಡಿಸುವ ಭಾನುವಾರ ಬಂತು. ಮನೆಯವರೆಲ್ಲ ಚಂದ್ರಿಕೆಯ ಸುತ್ತ ಕೂತು ಗೂಡು ಕಿತ್ತು, ಅದರ ಮೇಲಿನ ಜುಂಗು ಬಿಡಿಸುತ್ತಿದ್ದರು. ಗೂಡು ಕಟ್ಟುವ ಮೊದಲು ಹುಳು ಸುತ್ತಲೂ ಹೆಣೆದುಕೊಳ್ಳುವ ಸಡಿಲ ರೇಷ್ಮೆ ಅದು, ಯಾರಿಗೂ ಬೇಡದ್ದು. ವೆಂಕಟಲಕ್ಷ್ಮಮ್ಮ ಕೈ ತೊಳೆದು ಬಂದು ಮತ್ತೆ ಕೂತಾಗ ಜುಂಗು ಒದ್ದೆ ಬೆರಳಿಗೆ ಅಂಟಿ ಒಣಗಿತು. ಅವರು ಬೆರಳು ಮಡಿಸಿದರು, ಬಿಡಿಸಿದರು. ಬೂದುಬಣ್ಣದ ಸುಕ್ಕು ಸುಕ್ಕಾದ ತೆಳು ಪೊರೆ. ಸತ್ತು ಬಹಳ ದಿನವಾದವರ ಕೈಯೇ. ಕೈಯನ್ನು ದೂರ ಹಿಡಿದು ನೋಡಿದರು. ಆಮೇಲೆ ಸೊಸೆಯ ಕೆನ್ನೆಯ ಕಪ್ಪು ಕಲೆಯನ್ನು ನೋಡಿದರು.

"ಏಯ್, ಬಾ ಇಲ್ಲಿ."

"ಯಾಕತ್ತೆ?"

"ಬಾ ಅಂದ್ರೆ ಬಾ. ಆ ಚಿತ್ರ ತಕ್ಕಂಬಾ. ಪುಟ್ಟಿ, ತೂತಾಗಿರೋ ಗೂಡೆಲ್ಲ ಕತ್ರುಸಿ, ಒಳಗಿನ ಹುಳ ತೆಗ್ದು, ಬಿಸಿನೀರಲ್ಲಿ ನೆನಾಕು. ಬದೀನ ಮರದಲ್ಲಿ ಹಣ್ಣಾಗಿರೋ ಹಿಪ್ಪುನೇರಳೆ ಐತಲ್ಲ, ಒಂದ್ ಬೊಗಸೆ ಕಿತ್ಕಂಬಾ, ಕರ್ರಗಿರೋದು. ಅಶ್ವಥ, ನಿಮ್ಮಪ್ಪನ ವಿಭೂತಿ ಗಟ್ಟಿ ಇಳ್ಸು."

"ನನ್ ವಿಭೂತಿ ಯಾಕೆ?" ಅಂದರು ಬೋರಲಿಂಗಯ್ಯ.

"ನೀವು ಹಣೆಗೆ ಬಳ್ಕಂಡು ಸುಳ್ಳು ಹೇಳಾದ್ಕಿಂತ ಇದು ವಾಸಿ."

ವಿಭೂತಿಯನ್ನು ಪುಡಿ ಮಾಡಿ ಅಕ್ಕಿ ಹಿಟ್ಟಿನ ಜೊತೆ ಬೆಣ್ಣೆಯಲ್ಲಿ ಕಲಸಿದರು, ಮುಖ ಬೂದುಬಿಳುಪಾಯಿತು. ಹರಳೆಣ್ಣೆ ದೀಪದ ಕಾಡಿಗೆಯನ್ನು ಕಣ್ಣಿನ ಸುತ್ತ ತಿಕ್ಕಿ, ಅಂಚಿಗೆ ಹಿಪ್ಪುನೇರಳೆಯ ರಸ ಸವರಿದರು. ಕಣ್ಣುಗಳು ಒಳಕ್ಕೆ ಹೋಗಿ ಕೂತವು. ಅದೇ ಹಣ್ಣನ್ನು ಕುದಿಸಿ ಗಟ್ಟಿ ಮಾಡಿ ತುಟಿಗೆ ಹಚ್ಚಿದಾಗ ತುಟಿ ನೀಲಿಗಪ್ಪಾಯಿತು. ಕೊನೆಗೆ ಗೂಡು ನೆನೆಹಾಕಿದ ಅಂಟುನೀರನ್ನು ಎಡಗೆನ್ನೆಗೆ ಸವರಿ, ಜುಂಗಿನ ಎಳೆಗಳನ್ನು ಒಂದೊಂದಾಗಿ ಹಣೆಯಿಂದ ಕತ್ತಿನವರೆಗೆ ಹರಡಿದರು.

"ಇದೂ ಉರೀತದಾ ಅತ್ತೆ?"

"ಹುಟ್ಟಿದಾಗಿಂದ ಈ ನೀರಲ್ಲೇ ಕೈ ಅದ್ದಿವ್ನಿ. ಉರಿಯಾಕಿಲ್ಲ. ಬಾಯ್ ಮುಚ್ಚು, ಎಳೆ ಕಿತ್ತೋಯ್ತದೆ."

ಒಣಗುತ್ತ ಒಣಗುತ್ತ ರೇಷ್ಮೆ ಬಿಗಿಯಿತು. ಅದರ ಅಡಿಯಲ್ಲಿ ಸುಟ್ಟ ಕಲೆ ಹಳೆಯ ಗಾಯದ ಹಾಗೆ ಮಸುಕಾಗಿ ಕಂಡಿತು. ಅಷ್ಟು ಹೊತ್ತಿಗೆ ಬೀದಿಯಲ್ಲಿ ಆಟೋ ನಿಂತು ಮೆಹ್ರೀನ್ ಇಳಿದಳು. ಮುಖ ಸಣ್ಣದು ಮಾಡಿಕೊಂಡೇ ಬಂದಳು.

"ದಿವ್ಯಾ ಇದ್ದಾಳಾ ಅಮ್ಮ? ಮೇಡಂ ಒಪ್ಪಲಿಲ್ಲ. ಪಾರ್ಟು ಪ್ಯಾಕಿಂಗ್ ಹುಡುಗಿಗೆ ಕೊಟ್ಟುಬಿಡು ಅಂದ್ರು. ನಾನೇ ಹೇಳೋಣ ಅಂತ..."

ದಿವ್ಯ ತಿರುಗಿ ನೋಡಿದಳು. ಮೆಹ್ರೀನ್ "ಯಾ ಅಲ್ಲಾ" ಎಂದು ಜಗುಲಿಯ ಮೇಲೆ ಕುಸಿದು ಕೂತಳು. ಎದೆಯ ಮೇಲೆ ಕೈ ಇಟ್ಟುಕೊಂಡು ನೋಡಿದಳು, ಕಣ್ಣು ಕೀಳಲಾಗದೆ ಇನ್ನೂ ನೋಡಿದಳು.

"ಕೊಡವ್ವ," ಅಂದರು ವೆಂಕಟಲಕ್ಷ್ಮಮ್ಮ, ಬೆರಳು ಒರೆಸಿಕೊಳ್ಳುತ್ತ. "ಪ್ಯಾಕಿಂಗ್‌ನೋಳಿಗೆ ಕೊಡು, ನೋಡನ."

"ಯಾರಿಗೂ ಕೊಡಲ್ಲ, ಮೇಡಂನ ನಾನು ಒಪ್ಪಿಸ್ತೀನಿ," ಎಂದಳು ಮೆಹ್ರೀನ್. ಅವಳ ಕಣ್ಣಲ್ಲಿ ನೀರಿತ್ತು.

ವಾರ್ಷಿಕೋತ್ಸವದ ಹೊತ್ತಿಗೆ ಹೊಸ ಹುಳು ಬಂದಿದ್ದವು. ಹುಳದ ಮನೆಯನ್ನು ಬಿಟ್ಟು ಎಲ್ಲರೂ ಹೋಗುವಂತಿಲ್ಲ. ಯಾವಾಗಲೂ ಉಳಿಯುತ್ತಿದ್ದದ್ದು ವೆಂಕಟಲಕ್ಷ್ಮಮ್ಮ. ಈ ಸಲ ಅವರು ರೇಷ್ಮೆ ಸೀರೆ ಉಟ್ಟು, ಜುಂಗಿನ ಡಬ್ಬಿ ಮಡಿಲಲ್ಲಿಟ್ಟುಕೊಂಡು ಮಗನ ಟೆಂಪೋದಲ್ಲಿ ಮುಂದೆ ಕೂತರು. "ಹೊತ್ತೊತ್ತಿಗೆ ಸೊಪ್ಪಾಕಿ," ಎಂದು ಗಂಡನಿಗೆ ಹೇಳಿದರು. "ನಮ್ ತೋಟದ್ದು." ಕೆಂಗಲ್ ಹತ್ತಿರ ಟೆಂಪೋ ನಿಲ್ಲಿಸಿ, ಆಂಜನೇಯನಿಗೆ ರಸ್ತೆಯಿಂದಲೇ ಕೈ ಮುಗಿದರು. ಏನು ಕೇಳಿಕೊಂಡರೋ ಯಾರಿಗೂ ಹೇಳಲಿಲ್ಲ.

ಫ್ಯಾಕ್ಟರಿ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಮೊದಲು ಆಫೀಸಿನವರ ನಾಟಕ. ಬೆಂಗಳೂರಿನ ಮೇಕಪ್‌ನಲ್ಲಿ ಎಲ್ಲರೂ ಗುಲಾಬಿ ಬಣ್ಣಕ್ಕಿದ್ದರು, ಕಳ್ಳನೂ ಗುಲಾಬಿ, ಪೊಲೀಸೂ ಗುಲಾಬಿ. ಆಮೇಲೆ ಹೊಲಿಗೆಯವರದ್ದು. ಶುರುವಿಗೇ ಎಡವಟ್ಟಾಯಿತು. ಮಂತ್ರಿಯ ಮೀಸೆ ಒಂದು ಕಡೆ ಕಿತ್ತು ತೂಗಾಡಿತು. ಕಟಿಂಗ್ ಸೆಕ್ಷನ್ನಿನ ಹುಡುಗರು ಹೋ ಎಂದರು. ನಗು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೂ ಬಂತು. ಪರದೆಯ ಸಂದಿಯಲ್ಲಿ ಮೆಹ್ರೀನ್ ಉಗುರು ಕಚ್ಚುತ್ತಿದ್ದಳು. ವೆಂಕಟಲಕ್ಷ್ಮಮ್ಮ ಜುಂಗಿನ ಡಬ್ಬಿಯನ್ನು ಮಡಿಲಿಗೆ ಒತ್ತಿ ಹಿಡಿದರು. ನಗುತ್ತಿರುವ ಜನರ ಮುಂದೆ ಈಗ ನಮ್ಮ ಹುಡುಗಿ ಬರಬೇಕಲ್ಲ ಎಂದು ಅವರಿಗೆ ಅಳುವೇ ಬಂದಂತಾಯಿತು.

ನೀಲಿ ಕಾಗದ ಸುತ್ತಿದ ದೀಪ ಹತ್ತಿತು. ರಾಣಿ ಬೆನ್ನು ತೋರಿಸಿಕೊಂಡು ಬಂದು, ನಿಧಾನವಾಗಿ ಮುಖ ತಿರುಗಿಸಿದಳು.

ನಗು ನಿಂತುಹೋಯಿತು. ಗಂಟಲಿನಲ್ಲಿ ಅರ್ಧ ಬಂದದ್ದೂ ಅಲ್ಲೇ ನಿಂತಿತು. ಕೆನ್ನೆಯ ಮೇಲಿನ ರೇಷ್ಮೆ ಎಳೆಗಳು ಆ ಬೆಳಕಿನಲ್ಲಿ ಮಿಣುಕುತ್ತಿದ್ದವು. ಕಪ್ಪು ಗುಳಿಗಳ ಒಳಗಿನಿಂದ ಕಣ್ಣುಗಳು ಒಬ್ಬೊಬ್ಬರನ್ನೇ ನೋಡುತ್ತ ಬಂದವು. ಯಾರ ಮಡಿಲಲ್ಲೋ ಇದ್ದ ಮಗು ಚೀರಿತು. ಅದರ ತಾಯಿ ಸಮಾಧಾನ ಮಾಡುವುದನ್ನೂ ಮರೆತು ವೇದಿಕೆಯನ್ನೇ ನೋಡುತ್ತಿದ್ದಳು.

"ಹಾಲಿಗೆ ವಿಷ ಹಾಕಿದವಳು ನಾನಲ್ಲ," ಎಂದಳು ರಾಣಿ, ಕೂಗದೆ, ಮನೆಯಲ್ಲಿ ಮಾತಾಡುವ ದನಿಯಲ್ಲಿ. "ಅದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಬಾಗಿಲು ಹಾಕಿದಿರಿ."

ವೆಂಕಟಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟರು. ಪಕ್ಕದಲ್ಲಿ ಪುಟ್ಟಿಯೂ ಅಳುತ್ತಿದ್ದಳು. ನಾಟಕ ಮುಗಿದಾಗ ಮೊದಲು ಚಪ್ಪಾಳೆ ಹೊಡೆದವರು ಅದೇ ಕಟಿಂಗ್ ಸೆಕ್ಷನ್ನಿನ ಹುಡುಗರು. ಆಮೇಲೆ ಶಾಮಿಯಾನ ಹಾರಿಹೋಗುವ ಹಾಗೆ ಶಿಳ್ಳೆ, ಕೂಗು. ಮೊದಲ ಬಹುಮಾನ ಒಂದು ದೊಡ್ಡ ಪ್ರೆಷರ್ ಕುಕ್ಕರ್. ವೆಲ್ಫೇರ್ ಮೇಡಂ ದಿವ್ಯಳ ಕೆನ್ನೆಯನ್ನು ಹತ್ತಿರದಿಂದ ನೋಡಿ ಬೆರಗಾದರು.

"ಯಾವ ಕಂಪನಿಯ ಮೇಕಪ್ ಇದು?"

"ಹುಳದ ಕಂಪ್ನೀದು," ಅಂದರು ವೆಂಕಟಲಕ್ಷ್ಮಮ್ಮ, ಕುಕ್ಕರನ್ನು ಕಂಕುಳಲ್ಲಿ ಏರಿಸಿಕೊಳ್ಳುತ್ತ. "ನಮ್ಮನೇಲೇ ಮಾಡದು."

ದಿವ್ಯ ಮುಖ ತೊಳೆಯಲು ನಲ್ಲಿಯ ಕಡೆ ಹೊರಟಾಗ ಅತ್ತೆ ಅವಳ ಕೈ ಹಿಡಿದರು. "ತೊಳೀಬ್ಯಾಡ. ನಿಮ್ಮಾವ ನೋಡ್ನಿಲ್ಲವಲ್ಲ, ಪಾಪ."

ಟೆಂಪೋ ಬೈರಾಪಟ್ಟಣಕ್ಕೆ ಬಂದಾಗ ಹೊತ್ತು ಮುಳುಗುತ್ತಿತ್ತು. ಬೋರಲಿಂಗಯ್ಯ ಹುಳದ ಮನೆಯ ಬಾಗಿಲಲ್ಲಿ ಸೊಪ್ಪಿನ ಕುಕ್ಕೆ ಹಿಡಿದು ಬಗ್ಗಿದ್ದರು.

"ಆ ಮಾತು ಒಂದ್ಸಲ ಹೇಳವ್ವ," ಅತ್ತೆ ಸೊಸೆಯ ಕಿವಿಯಲ್ಲಿ ಉಸುರಿದರು. ಸೊಸೆ ಮಾವನ ಹಿಂದೆ ಹೋಗಿ ನಿಂತಳು.

"ಹಾಲಿಗೆ ವಿಷ ಹಾಕಿದವಳು ನಾನಲ್ಲ. ಅದು ನಿಮಗೆ ಗೊತ್ತಿತ್ತು."

ಬೋರಲಿಂಗಯ್ಯ ತಿರುಗಿದರು. ಕುಕ್ಕೆ ಕೈಯಿಂದ ಜಾರಿ ಸೊಪ್ಪೆಲ್ಲ ನೆಲದ ಪಾಲಾಯಿತು. ಗೋಡೆಗೆ ಒತ್ತಿಕೊಂಡು ನಿಂತು, "ಗೊತ್ತಿತ್ತು ಕಣವ್ವ, ಗೊತ್ತಿತ್ತು!" ಎಂದು ಕೂಗಿದರು. "ಕೆಂಚಯ್ಯ ಹೇಳಿದ್ದ! ನಾನೇ ಕುಯ್ದಿದ್ದು! ನನ್ ಸೊಸೇದೇನೂ ತಪ್ಪಿಲ್ಲ ಕಣವ್ವ!"

ಆಮೇಲೆ ಅದು ದಿವ್ಯ ಎಂದು ಗೊತ್ತಾಯಿತು. ಆದರೆ ಹೊರಗೆ ಬಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಅಶ್ವಥ್, ಪುಟ್ಟಿ, ವೆಂಕಟಲಕ್ಷ್ಮಮ್ಮ, ಎಲ್ಲರೂ ಕೇಳಿಸಿಕೊಂಡಿದ್ದರು. ಅಲ್ಲದೆ ಆ ಕೂಗಿಗೆ ಪಕ್ಕದ ಮನೆಯವರೂ ಹೊರಗೆ ಬಂದಿದ್ದರು. ಮೊದಲು ಪುಟ್ಟಿ ನಕ್ಕಳು, ಆಮೇಲೆ ಅಶ್ವಥ್. ಕೊನೆಗೆ ತಲೆ ಕೆರೆದುಕೊಳ್ಳುತ್ತ ಬೋರಲಿಂಗಯ್ಯನವರೂ.

"ಇವತ್ತಾದ್ರೂ ಸಾರು ಸಿಗ್ತದಾ?" ಅಂದರು.

"ಹೊಸ ಕುಕ್ಕರ್‌ನಲ್ಲೇ ಮಾಡ್ತೀನಿ ಇರಿ," ಅಂದ ವೆಂಕಟಲಕ್ಷ್ಮಮ್ಮ ಸೊಸೆಯ ಹತ್ತಿರ ಬಂದು, ಅವಳ ಕೆನ್ನೆಯ ಬಳಿ ಮೂಗು ತಂದು ಒಂದು ಸಲ ಮೂಸಿದರು. ಬೆಣ್ಣೆ, ಹಣ್ಣು, ರೇಷ್ಮೆ. ಹುಳಕ್ಕೆ ಆಗದ್ದು ಒಂದೂ ಇರಲಿಲ್ಲ. ಹುಳದ ಮನೆಯ ಬಾಗಿಲನ್ನು ಪೂರ್ತಿ ತೆರೆದರು.

"ಒಳಿಕೆ ಬಾ. ನೀನೇ ಸೊಪ್ಪಾಕು."

ದಿವ್ಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೊಪ್ಪು ಬಾಚಿಕೊಂಡು ಹೊಸ್ತಿಲು ದಾಟಿದಳು. ಕಪ್ಪು ತುಟಿಯ, ರೇಷ್ಮೆ ಕೆನ್ನೆಯ ರಾಣಿ ತಟ್ಟೆಯಿಂದ ತಟ್ಟೆಗೆ ಸೊಪ್ಪು ಹರಡುತ್ತ ಹೋದಳು. ಹುಳುಗಳು ತಲೆ ಎತ್ತಿ, ಆಮೇಲೆ ತಮ್ಮ ಪಾಡಿಗೆ ಮೇಯತೊಡಗಿದವು. ಕೊನೆಯ ತಟ್ಟೆ ಮುಗಿಸಿ ಅವಳು ಬಚ್ಚಲಿನ ಕಡೆ ಹೊರಟಾಗ ಅತ್ತೆ ಅಡುಗೆಮನೆಯಿಂದ ಕೂಗಿದರು.

"ಬಚ್ಚಲಲ್ಲಿ ತೊಳೀಬ್ಯಾಡ ಕಣೆ. ಊರ ಮುಂದಲ ನಲ್ಲೀಗಂಟ ಹೋಗಿ ತೊಳ್ಕಂಬಾ. ಎಲ್ಲರ್ ಮನೆ ಮುಂದೇನೂ ಹಾದು ಹೋಗು. ನಿಧಾನಕ್ಕೆ."